ಎಲ್ಲರಿಗೂ ಮೂರು ಪಾಯಿಂಟ್ ಎಂಟು

ನಮ್ಮೂರ ಹಾಲಿನ ಡೇರಿಯಲ್ಲಿ ಬೆಳಗಾಗುವುದು ಅರ್ಪಿತಳ ದನಿಯಿಂದ. ಹಾಲು ಹಾಕಿದವರ ಹೆಸರು, ಎಷ್ಟು ಲೀಟರು, ದರ ಕಟ್ಟುವ ಜಿಡ್ಡಿನಂಶ ಅಂದರೆ ಫ್ಯಾಟು ಎಷ್ಟು, ಎಲ್ಲವನ್ನೂ ಆ ಹುಡುಗಿ ಬೀದಿಗೆಲ್ಲ ಕೇಳುವಂತೆ ಹೇಳುತ್ತಾಳೆ. ಹೇಳುವುದು ಅವಳಲ್ಲ, ಡೇರಿ ಗೋಡೆಯ ಸ್ಪೀಕರು. ನಿಜವಾದ ಅರ್ಪಿತ ಅಷ್ಟು ಹೊತ್ತಿಗೆ ಊರಿನ ಇನ್ನೊಂದು ತುದಿಯಲ್ಲಿ, ಆ ದನಿ ತಲುಪದಷ್ಟು ದೂರದಲ್ಲಿ, ಹೊಸಕೋಟೆ ಬಸ್ಸಿಗೆ ತಡವಾಯಿತೆಂದು ಅವರಮ್ಮನ ಮೇಲೆ ಹಾರಾಡುತ್ತಿರುತ್ತಾಳೆ.

ನಮ್ಮೂರು ಸೂಲಿಬೆಲೆ ಕಡೆ. ಅರ್ಪಿತ ಹೊಸಕೋಟೆಯಲ್ಲಿ ಬಿಸಿಎ ಓದಿ, ಅಲ್ಲೇ ಹಾರ್ಡ್‌ವೇರ್ ಅಂಗಡಿಯ ಮೇಲಿನ ಎರಡು ಕೋಣೆಯ ಆಫೀಸಿಗೆ ಸೇರಿಕೊಂಡಳು. ಅಂಜನ್ ಎಂಬಾತ ಅದರ ಮಾಲೀಕ. ಹಳ್ಳಿ ಡೇರಿಗಳ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದುಕೊಡುವುದು ಅವರ ಕಸುಬು. ಹೆಸರು ಕೂಗುವ ದನಿಗೆ ಯಾರನ್ನಾದರೂ ಕರೆಸಬೇಕೆಂದಾಗ ಅಂಜನ್, "ಯಾಕ್ ಕರೆಸ್ಬೇಕು, ನಿನ್ ವಾಯ್ಸೇ ಚೆನ್ನಾಗಿದ್ಯಲ್ಲ" ಎಂದು ಹೊಗಳಿ ಖರ್ಚು ಉಳಿಸಿಕೊಂಡ. ಅರ್ಪಿತ ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಬೆವರು ಸುರಿಸುತ್ತ ಅಂಕಿಗಳನ್ನೂ ಹೆಸರುಗಳನ್ನೂ ಓದಿದಳು. ಅಂದಿನಿಂದ ನಮ್ಮ ತಾಲ್ಲೂಕಿನ ಅರ್ಧ ಹಸುಗಳ ಮಾನ ಮರ್ಯಾದೆ ಆ ಹುಡುಗಿಯ ಬಾಯಲ್ಲಿದೆ.

ಅವಳನ್ನು ನೋಡಲು ಒಂದು ಗಂಡಿನ ಕಡೆಯವರು ಬಂದಿದ್ದರು. ಯಾರ ಮಗಳು, ಯಾರ ಮೊಮ್ಮಗಳು, ಅಜ್ಜಿಯ ತವರು ಯಾವುದು, ಎಲ್ಲ ಕೇಳಿದರು. ಹುಡುಗಿಗೆ ಏನು ಬರುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಡೇರಿ ಪ್ರೋಗ್ರಾಂ ಬರೆಯುತ್ತಾಳೆ ಎಂದಾಗ, "ಹಾಲಿನ ಲೆಕ್ಕನಾ? ಒಳ್ಳೇದು ಬಿಡಿ" ಎಂದು ಕೇಸರಿಬಾತು ತಿಂದು ಹೋದರು.

ಇದೆಲ್ಲ ನನಗೆ ಗೊತ್ತಿರುವುದು ಬಸ್ಸಿನಿಂದ. ನಾನು ಹೊಸಕೋಟೆಯಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಕೂತು ಜನಕ್ಕೆ ಅರ್ಜಿ ಬರೆದುಕೊಡುವವನು. ಅರ್ಪಿತ ನನ್ನ ಪಕ್ಕದ ಸೀಟಿನವಳು. ಬರೆಯುವವರಿಬ್ಬರೂ ಒಂದೇ ಜಾತಿ ಎಂದು ಅವಳು ನಗುತ್ತಾಳೆ. ಒಂದು ದಿನ, ನೀನು ಬರೆಯುವುದಾದರೂ ಏನು ಎಂದು ಕೇಳಿದೆ.

"ನೋಡಿ ದೊಡ್ಡಪ್ಪ, ನಮ್ಮಲ್ಲಿ ಎಲ್ಲಾನೂ ಆಬ್ಜೆಕ್ಟು. ತಕ್ಕಡಿ ಒಂದು ಆಬ್ಜೆಕ್ಟು, ಫ್ಯಾಟ್ ಮಿಷನ್ನು ಒಂದು ಆಬ್ಜೆಕ್ಟು. ಅದಕ್ಕೆ ಬರೋ ಕೆಲ್ಸಕ್ಕೆ ಮೆಥಡ್ ಅಂತೀವಿ. ಬರದಿರೋ ಕೆಲ್ಸ ಹೇಳಿದ್ರೆ ಪ್ರೋಗ್ರಾಂ ಮಕಾಡೆ ಮಲಗ್ಬಿಡುತ್ತೆ. ಅದಕ್ಕೇ ಮೊದ್ಲು ಕೇಳ್ಬೇಕು, ನಿಂಗೆ ಈ ಕೆಲ್ಸ ಬರುತ್ತಾ ಅಂತ. ನೀನು ಯಾರು, ಯಾವ ಕಂಪನಿ ಅಂತ ಕೇಳ್ಬಾರ್ದು. ಬರುತ್ತಾ ಇಲ್ವಾ, ಅಷ್ಟೇ. ಬರುತ್ತೆ ಅಂದ್ರೆ ಮಾಡ್ಸೋದು."

"ನಮ್ಮೂರಲ್ಲಿ ಹಂಗ್ ಕೇಳಿದ್ರೆ ಡೇರಿ ಮುಚ್ಚಬೇಕಾಗುತ್ತೆ ಕಣಮ್ಮ" ಎಂದೆ.

ನಾನು ಹೇಳಿದ್ದು ಸೊಣ್ಣಪ್ಪನ ವಿಷಯ. ಸೊಣ್ಣಪ್ಪ ನಮ್ಮ ಡೇರಿಯ ಸೆಕ್ರೆಟರಿ. ಡೇರಿಯ ಅಧ್ಯಕ್ಷ ವೆಂಕಟರಾಯಪ್ಪನವರ ಬಾಮೈದ. ಅವನನ್ನು ಆ ಕುರ್ಚಿಗೆ ಕೂರಿಸುವಾಗ ಯಾರೆಂದು ಎಲ್ಲರಿಗೂ ಗೊತ್ತಿತ್ತು, ಕಂಪ್ಯೂಟರು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಒಳ್ಳೆಯ ಮನುಷ್ಯ. ಬರುವುದಿಲ್ಲ ಎಂಬ ಮಾತು ಮಾತ್ರ ಅವನ ಬಾಯಲ್ಲಿ ಬರುವುದಿಲ್ಲ. ಏನು ಕೇಳಿದರೂ "ಆಗ್ಲಿ ಬಿಡಿ, ನೋಡೋಣ" ಎನ್ನುತ್ತಾನೆ.

ಇನ್ನು ಅಮ್ಮಯಮ್ಮ. ಅರ್ಪಿತಳ ಅಜ್ಜಿ. ನಾನು ದೊಡ್ಡಮ್ಮ ಎಂದು ಕರೆಯುತ್ತೇನೆ. ಊರೆಲ್ಲ ಬಕೆಟ್ಟುಗಟ್ಟಲೆ ಹಾಲು ಕೊಡುವ ಕಪ್ಪು ಬಿಳಿ ಸೀಮೆ ಹಸು ಕಟ್ಟಿಕೊಂಡರೂ ಆಕೆ ಮಾತ್ರ ಲಚ್ಚಿ ಎಂಬ ಕಂದು ಬಣ್ಣದ ಜರ್ಸಿಯನ್ನು ಬಿಡಲಿಲ್ಲ. ಹಾಲು ಕಡಿಮೆ, ಆದರೆ ಗಟ್ಟಿ. ನಮ್ಮ ಹಾಲಿನ ಫ್ಯಾಟು ಮೂರು ದಾಟಿದರೆ ನಾವು ಸುತ್ತ ಮುತ್ತ ನೋಡುತ್ತಿದ್ದೆವು. ಲಚ್ಚಿಯದು ಐದು ಪಾಯಿಂಟ್ ಒಂದು. ಇದನ್ನು ಊರಿಗೆ ಕೇಳಿಸಬೇಕೆಂದೇ ಆಕೆ ಎಲ್ಲರಿಗಿಂತ ಮೊದಲು ಕ್ಯೂನಲ್ಲಿ ನಿಲ್ಲುತ್ತಿದ್ದಳು. ಸ್ಪೀಕರಿನಲ್ಲಿ ಮೊಮ್ಮಗಳು, "ಅಮ್ಮಯಮ್ಮ. ಫ್ಯಾಟ್ ಐದು ಪಾಯಿಂಟ್ ಒಂದು" ಎಂದ ತಕ್ಷಣ, ಈಕೆ ಗೋಡೆಯ ಕಡೆ ಮುಖ ಎತ್ತಿ, "ಹೂಂ ಕಣಮ್ಮಿ" ಎಂದು ಉತ್ತರ ಕೊಟ್ಟು, ಖಾಲಿ ಕ್ಯಾನು ಹಿಡಿದು, ನಮ್ಮ ಯಾರ ಮುಖವನ್ನೂ ನೋಡದೆ ಹೊರಟುಬಿಡುತ್ತಿದ್ದಳು. ಮೈ ಉರಿಯುತ್ತಿತ್ತು. ಆದರೆ ಏನು ಮಾಡುವುದು, ಹಾಲು ಗಟ್ಟಿಯಿತ್ತು.

ಮಳೆಗಾಲದಲ್ಲಿ ಅಂಜನ್‌ಗೆ ಒಂದು ತಲೆನೋವು ಶುರುವಾಯಿತು. ಕೆಲವು ಹಳ್ಳಿಗಳ ಡೇರಿಯಲ್ಲಿ ಫ್ಯಾಟ್ ಮಿಷನ್ನು ಕೆಟ್ಟು ರಿಪೇರಿಗೆ ಹೋಗಿರುತ್ತಿತ್ತು, ಅದರ ಜಾಗದಲ್ಲಿ ಇನ್ನೇನೋ ಸಿಕ್ಕಿಸಿರುತ್ತಿದ್ದರು. ಪ್ರೋಗ್ರಾಂ ಅಲ್ಲಿಗೆ ಬಂದು, ಫ್ಯಾಟು ಅಳೆ ಎಂದು ಹೇಳಿ, ಅಳೆಯುವವರು ಯಾರೂ ಇಲ್ಲದೆ ನಿಂತುಹೋಗುತ್ತಿತ್ತು. ಹಾಲು ಹಿಡಿದು ನಿಂತವರು ಅಂಜನ್‌ಗೆ ಫೋನು ಮಾಡಿ ಅವನ ಮನೆತನವನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದರು. ಅರ್ಪಿತ ಕೂತು ತಿದ್ದಿದಳು. ವೈರಿನ ತುದಿಯಲ್ಲಿ ಇರುವವರನ್ನು ಪ್ರೋಗ್ರಾಂ ಮೊದಲು ಕೇಳಬೇಕು: ಫ್ಯಾಟು ಅಳೆಯುವುದು ಬರುತ್ತದೆಯೇ? ಬರುತ್ತದೆ ಎಂದರೆ ಅಳೆಸಬೇಕು. ಬರುವುದಿಲ್ಲ ಎಂದರೆ ಸುತ್ತಿನ ಹಳ್ಳಿಗಳ ಸರಾಸರಿಯಾದ ಮೂರು ಪಾಯಿಂಟ್ ಎಂಟು ಹಾಕಿ, ಮುಂದಿನವರ ಹಾಲು ತೆಗೆದುಕೊಳ್ಳಬೇಕು. ಜೊತೆಗೆ, ಅಳೆದಿಲ್ಲ ಎಂದು ತೆರೆಯ ಮೇಲೆ ಕೆಂಪಕ್ಷರದಲ್ಲಿ ಬರುವಂತೆ ಮಾಡಿದ್ದಳು. ಅಂಜನ್ ಅದನ್ನು ತೆಗೆಸಿದ.

"ಕೆಂಪಕ್ಷರ ಕಂಡ್ರೆ ಸೆಕ್ರೆಟರಿಗಳು ಹೆದರ್ಕೊಂಡು ನಂಗೇ ಫೋನ್ ಮಾಡ್ತಾರೆ. ಸುಮ್ನೆ ಮುಂದಕ್ಕೆ ಹೋಗ್ಲಿ, ಯಾರಿಗೂ ಗೊತ್ತಾಗೋದು ಬೇಡ" ಎಂದ.

ಅರ್ಪಿತಳಿಗೂ ಅದು ಸರಿಯೆನಿಸಿತು. ಬೈಗುಳದ ಫೋನುಗಳು ನಿಂತವು. ಆ ವಾರ ಬಸ್ಸಿನಲ್ಲಿ ಅವಳು ನನಗೆ ಕಡ್ಲೆಕಾಯಿ ಕೊಡಿಸಿದಳು.

ಅಷ್ಟರಲ್ಲಿ ಆಯುಧಪೂಜೆ ಬಂತು. ಸೊಣ್ಣಪ್ಪನಿಗೆ ಏನು ಬಾರದಿದ್ದರೂ ಪೂಜೆ ಬರುತ್ತದೆ. ಫ್ಯಾಟ್ ಮಿಷನ್ನಿನ ವೈರು ಕಿತ್ತು, ಹೊರಗೆ ತಂದು ಒರೆಸಿ, ಮೈತುಂಬ ವಿಭೂತಿ ಬಳಿದು, ಅಂಕಿ ತೋರಿಸುವ ಪುಟ್ಟ ಗಾಜಿನ ಮೇಲೆ ಗಂಧ ಮೆತ್ತಿ, ಅದರ ನಡುವೆ ರೂಪಾಯಿ ಅಗಲದ ಕುಂಕುಮ ಇಟ್ಟ. ಸೇವಂತಿಗೆ ಹಾರ, ಮೇಲೊಂದು ನಿಂಬೆಹಣ್ಣು. ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದ. ಮಂಡಕ್ಕಿ ಹಂಚಿದ. ಆಮೇಲೆ ಮಿಷನ್ನನ್ನು ಜಾಗದಲ್ಲಿಟ್ಟು ಕರೆಂಟಿನ ವೈರು ಹಾಕಿದ. ಮಿಷನ್ನು ಗುಂಯ್ ಎಂದಿತು. ಕಂಪ್ಯೂಟರಿಗೆ ಹೋಗುವ ಇನ್ನೊಂದು ವೈರು ಹಾರದ ಕೆಳಗೆ ಸಿಕ್ಕಿಕೊಂಡು ಅಲ್ಲೇ ಉಳಿಯಿತು. ಕಂಪ್ಯೂಟರಿನ ಹಿಂದೆ ಒಂದು ತೂತು ಖಾಲಿ ಕಂಡಿತು. ಸೊಣ್ಣಪ್ಪನ ಫೋನಿನ ಬ್ಯಾಟರಿ ಹಳೆಯದು, ಯಾವಾಗಲೂ ಚಾರ್ಜಿಗೆ ಹಾಕಿರಬೇಕು. ಇನ್ನೇನು ಬೇಕು?

ಮರುದಿನದಿಂದ ಊರಿಗೆ ಸುಖ ಬಂತು. ಮೂರರ ಕೆಳಗೆ ನರಳುತ್ತಿದ್ದ ಹಾಲುಗಳೆಲ್ಲ ಮೂರು ಪಾಯಿಂಟ್ ಎಂಟಕ್ಕೆ ಎದ್ದು ನಿಂತವು. ಮನೆಯಿಂದ ಬರುವಾಗ ಕ್ಯಾನಿಗೆ ಕೊಂಚ ನೀರು ತೋರಿಸಿದವರಿಗೂ ಅದೇ, ತೋರಿಸದ ಸೋಮಾರಿಗಳಿಗೂ ಅದೇ. ಮೊದಲೆರಡು ದಿನ ನಾವು ಪರಸ್ಪರ ಮುಖ ನೋಡಿಕೊಂಡೆವು. ಆಮೇಲೆ ಅದನ್ನೂ ಬಿಟ್ಟೆವು. ಪಾಪಮ್ಮ, "ಈ ಸಲ ಪೂಜೆ ಸರ್ಯಾಗಿ ಹಿಡೀತು ನೋಡಪ್ಪ" ಎಂದು ಮಿಷನ್ನಿಗೆ ಕೈ ಮುಗಿದಳು. ಗಂಧ ಒಣಗಿ ಬಿರುಕು ಬಿಟ್ಟರೂ ಗಾಜನ್ನು ಒರೆಸಲು ಯಾರೂ ಮುಂದಾಗಲಿಲ್ಲ. ದೇವರಿಗಿಟ್ಟ ಕುಂಕುಮವನ್ನು ಒರೆಸುವುದುಂಟೇ? ಅದರ ಹಿಂದೆ ಪಾಪ, ಮಿಷನ್ನು ಪ್ರತಿಯೊಬ್ಬರ ಹಾಲನ್ನೂ ಹೀರಿ, ನಿಜವಾಗಿ ಅಳೆದು, ಯಾರಿಗೂ ಕಾಣದ ಅಂಕಿಯನ್ನು ತನ್ನಷ್ಟಕ್ಕೆ ತೋರಿಸುತ್ತಲೇ ಇತ್ತು. ಹಾಲಿನ ಟ್ಯಾಂಕರಿನವರು, ನಿಮ್ಮೂರ ಹಾಲು ಚೀಟಿಯಲ್ಲಿ ಬರೆದದ್ದಕ್ಕಿಂತ ತೆಳು ಎಂದು ಒಂದೆರಡು ಸಲ ಹೇಳಿದರಂತೆ. ಸೊಣ್ಣಪ್ಪ, "ಆಗ್ಲಿ ಬಿಡಿ, ನೋಡೋಣ" ಎಂದನಂತೆ.

ಸುಖ ಸಿಗದವಳು ಒಬ್ಬಳೇ, ಅಮ್ಮಯಮ್ಮ. ಪೂಜೆಯ ಮರುದಿನ ಎಂದಿನಂತೆ ಮೊದಲು ನಿಂತಳು. ಮೊಮ್ಮಗಳ ದನಿ, "ಫ್ಯಾಟ್ ಮೂರು ಪಾಯಿಂಟ್ ಎಂಟು" ಎಂದಿತು. ಆಕೆ ಗೋಡೆಯ ಕಡೆ ಮುಖ ಎತ್ತಿದವಳು ಹಾಗೆಯೇ ನಿಂತಳು. ಹೂಂ ಅನ್ನಲಿಲ್ಲ. ಸೆರಗು ಹೊದ್ದು, ತಲೆ ತಗ್ಗಿಸಿ ಹೊರಟುಹೋದಳು. ಇನ್ನೊಂದು ನಿಮಿಷ ನಿಂತಿದ್ದರೆ ಹಿಂದಿನವನಿಗೂ ಅದೇ ಅಂಕಿ ಬಂದದ್ದು ಕೇಳಿಸುತ್ತಿತ್ತು. ಆದರೆ ಬೇರೆಯವರ ಫ್ಯಾಟು ಕೇಳುವ ಅಭ್ಯಾಸ ಆಕೆಗೆ ಎಂದೂ ಇರಲಿಲ್ಲ.

ಮಿಷನ್ನು ಕೆಟ್ಟಿದೆ ಎಂದು ಆಕೆ ಜಗಳ ತೆಗೆಯುತ್ತಾಳೆ ಎಂದುಕೊಂಡಿದ್ದೆ. ತೆಗೆಯಲಿಲ್ಲ. ಬೇರೆ ಯಾರದಾದರೂ ದನಿಯಾಗಿದ್ದರೆ ಬಿಡುತ್ತಿರಲಿಲ್ಲ. ಹೇಳುತ್ತಿದ್ದವಳು ಮೊಮ್ಮಗಳು. ಹಾಗಾಗಿ ಆಕೆ ಹಸುವನ್ನು ಅನುಮಾನಿಸಿದಳು. ಕಡ್ಲೆಕಾಯಿ ಹಿಂಡಿ ಹೆಚ್ಚು ಮಾಡಿದಳು, ಬೂಸಾ ಬದಲಾಯಿಸಿದಳು, ದನದ ಡಾಕ್ಟರನ್ನು ಕರೆಸಿದಳು. ಡಾಕ್ಟರು ಹಸು ಕಲ್ಲಿನ ಹಾಗಿದೆ ಎಂದರು. ಅಂಕಿ ಅಲುಗಲಿಲ್ಲ. ಹಸುವಿನಲ್ಲಿ ದೋಷವಿಲ್ಲದಿದ್ದರೆ ಕರೆಯುವ ಕೈಯಲ್ಲಿರಬೇಕು ಎಂದು ಕೊನೆಗೆ ತನ್ನ ಕೈಯನ್ನೇ ಅನುಮಾನಿಸಿದಳು.

ಒಂದು ಬೆಳಿಗ್ಗೆ ಆಕೆ ಡೇರಿಯ ಮೆಟ್ಟಿಲ ಮೇಲೆ ನನ್ನ ಎದುರು ನಿಂತು, "ಲಚ್ಚಿಗೆ ಏನಾಗೈತೋ ಗೊತ್ತಾಗ್ತಿಲ್ಲ ಕಣಪ್ಪ" ಎಂದಳು. ನನ್ನ ಕ್ಯಾನಿನಲ್ಲಿ ಆ ದಿನ ಮೂರು ಪಾಯಿಂಟ್ ಎಂಟಾಗಲು ಹೊರಟಿದ್ದ ತೆಳ್ಳನೆಯ ಹಾಲಿತ್ತು. "ಹಸುಗೆ ವಯಸ್ಸಾಯ್ತು ಬಿಡು ದೊಡ್ಡಮ್ಮ" ಎಂದೆ. ಆಕೆ ನಂಬಿದಳು. ನಾನು ಕ್ಯೂನಲ್ಲಿ ಮುಂದೆ ಹೋದೆ.

ಅರ್ಪಿತಳಿಗೆ ಇದರ ಸುಳಿವಿರಲಿಲ್ಲ. ಅಜ್ಜಿ ಹೇಳಲಿಲ್ಲ, ನಾಚಿಕೆ. ಒಂದೇ ಒಂದು ಸಲ, ಊಟದ ಹೊತ್ತಿನಲ್ಲಿ, ತಟ್ಟೆ ಮುಟ್ಟದೆ ಕೂತು, "ಆ ಮಿಷನ್ನು ಸುಳ್ಳು ಹೇಳ್ತದೇನೇ?" ಎಂದು ಕೇಳಿದ್ದಳಂತೆ. ಮೊಬೈಲು ನೋಡುತ್ತಿದ್ದ ಅರ್ಪಿತ ತಲೆ ಎತ್ತದೆ, "ಮಿಷನ್ ಯಾಕ್ ಸುಳ್ಳು ಹೇಳುತ್ತೆ ಅಜ್ಜಿ" ಎಂದಿದ್ದಳು. ಮಿಷನ್ನಿನ ಮಟ್ಟಿಗೆ ಅದು ಸರಿಯಾದ ಉತ್ತರವೇ.

ಸಂಕ್ರಾಂತಿ ಕಳೆದ ಮೇಲೆ ಅಮ್ಮಯಮ್ಮ ದನದ ದಲ್ಲಾಳಿಗೆ ಹೇಳಿ ಕಳಿಸಿದಳು. ಭಾನುವಾರ ತಿಂಡಿ ಹೊತ್ತಿಗೆ ಬಂದು ಲಚ್ಚಿಯನ್ನು ಹೊಡೆದುಕೊಂಡು ಹೋಗುವುದೆಂದು ಮಾತಾಯಿತು. ಆ ದಿನ ಬೆಳಿಗ್ಗೆ ಹಾಲು ಕರೆದಳು, ಆದರೆ ಡೇರಿಗೆ ಹೋಗಲು ಕಾಲು ಬರಲಿಲ್ಲ. ಮಲಗಿದ್ದ ಮೊಮ್ಮಗಳನ್ನು ಎಬ್ಬಿಸಿ ಕ್ಯಾನು ಕೊಟ್ಟಳು.

"ಇವತ್ತು ನೀನೇ ಹಾಕ್ಬುಟ್ಟು ಬಾ. ಕಡೇ ಹಾಲು. ದಿನಾ ನೀನ್ ಹೇಳೋದ ನಾನ್ ಕೇಳ್ತಿದ್ದೆ, ಇವತ್ತು ನೀನೇ ಕೇಳ್ಕೊಂಡು ಬಾ."

ಅರ್ಪಿತಳಿಗೆ ಆಗಲೇ ಗೊತ್ತಾದದ್ದು, ಹಸು ಮಾರಾಟವಾಗುತ್ತಿದೆ ಎಂದು. ಯಾಕೆ ಎಂದರೆ ಅಜ್ಜಿ ಕೊಟ್ಟಿಗೆಯ ಕಡೆ ಹೋಗಿಬಿಟ್ಟಳು.

ಅವಳು ಡೇರಿಗೆ ಬಂದಾಗ ಕ್ಯೂ ಉದ್ದವಿತ್ತು. ನನ್ನ ಹಿಂದೆಯೇ ನಿಂತಳು. ಆಫೀಸು ಹೇಗಿದೆ, ಮದುವೆ ಯಾವಾಗ, ಅಂಜನ್ ಸಂಬಳ ಏರಿಸಿದನೇ ಎಂದು ಬಾಯಿಗೆ ಬಂದದ್ದೆಲ್ಲ ಕೇಳಿದೆ. ಅವಳು ನನ್ನ ಮಾತು ಕೇಳುತ್ತಿರಲಿಲ್ಲ, ತನ್ನದನ್ನೇ ಕೇಳುತ್ತಿದ್ದಳು. ಪಾಪಮ್ಮ, ಮೂರು ಪಾಯಿಂಟ್ ಎಂಟು. ಅಂಜಿನಮ್ಮ, ಮೂರು ಪಾಯಿಂಟ್ ಎಂಟು. ಚಿಕ್ಕಬೀರಪ್ಪ, ಮೂರು ಪಾಯಿಂಟ್ ಎಂಟು. ನನ್ನ ಸರದಿ ಬಂತು. ಸ್ಪೀಕರಿನ ಅರ್ಪಿತ ನನಗೂ ಮೂರು ಪಾಯಿಂಟ್ ಎಂಟು ದಯಪಾಲಿಸಿದಳು. ಹಿಂದಿದ್ದ ಅರ್ಪಿತಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

"ಎಷ್ಟು ದಿನದಿಂದ ಹಿಂಗೆ?" ಎಂದಳು.

ಚಿಕ್ಕಬೀರಪ್ಪ ಆಕಾಶ ನೋಡಿದ. ಕೊನೆಗೆ ಸೊಣ್ಣಪ್ಪನೇ, "ಪೂಜೆ ಆದಾಗಿಂದ ಕಣಮ್ಮ, ಚೆನ್ನಾಗ್ ನಡೀತೈತೆ" ಎಂದ.

ಅರ್ಪಿತ ಕ್ಯಾನು ಕೆಳಗಿಟ್ಟು ಒಳಗೆ ಹೋಗಿ, ಕಂಪ್ಯೂಟರಿನ ಹಿಂದೆ ಕೈ ಹಾಕಿ, ಸಿಕ್ಕ ವೈರನ್ನು ಹಿಡಿದು ಬಂದಳು. ಅದು ಕ್ಯಾಲೆಂಡರಿನ ಕೆಳಗೆ ಹಾದು, ಮೇಜಿನ ಡ್ರಾಯರಿನೊಳಗೆ ಹೋಗಿ, ಸೊಣ್ಣಪ್ಪನ ಫೋನಿನಲ್ಲಿ ಮುಗಿದಿತ್ತು.

"ಸೊಣ್ಣಪ್ಪಣ್ಣ, ಇಷ್ಟು ದಿನ ನನ್ ಪ್ರೋಗ್ರಾಂ ಫ್ಯಾಟ್ ಅಳೆಯೋಕೆ ಬರುತ್ತಾ ಅಂತ ಕೇಳ್ತಿದ್ದಿದ್ದು ನಿಮ್ ಫೋನನ್ನ. ಅದು ಬರಲ್ಲ ಅಂತಿತ್ತು."

"ನಿಜಾನೇ ಹೇಳೈತಲ್ಲಮ್ಮ" ಎಂದ ಸೊಣ್ಣಪ್ಪ, ಕೊಂಚ ಹೆಮ್ಮೆಯಿಂದಲೇ.

ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದ ವೆಂಕಟರಾಯಪ್ಪನವರು ಗದ್ದಲ ಕೇಳಿ ಎದ್ದು ಬಂದರು. ವಿಷಯ ತಿಳಿದುಕೊಂಡು, ಅರ್ಪಿತಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಮಾತಾಡಿದರು. ಮೆಲ್ಲಗೆ ಎಂದರೆ ನಮಗೆಲ್ಲ ಕೇಳುವಷ್ಟು.

"ಊರು ನೆಮ್ದಿಯಾಗೈತೆ ಕಣಮ್ಮ, ಯಾಕ್ ಕೆದಕ್ತೀಯ? ನಿಮ್ಮಜ್ಜಿದು ತಾನೆ? ಅಮ್ಮಯಮ್ಮ ಅಂತ ಹೆಸ್ರು ಬಂದ್ರೆ ಐದು ಪಾಯಿಂಟ್ ಒಂದು ಅಂತ ಬರ್ದಾಕ್ಬಿಡು. ಮಿಕ್ಕಿದೋರ್ಗೆ ಹಿಂಗೇ ಇರ್ಲಿ. ನಿನ್ ಪ್ರೋಗ್ರಾಮು, ನಿನ್ ಅಜ್ಜಿ, ಯಾರ್ ಕೇಳ್ತಾರೆ?"

ನಿಜ ಹೇಳಬೇಕೆಂದರೆ, ಅದು ನಮಗೆಲ್ಲ ಬಹಳ ನ್ಯಾಯವಾಗಿ ಕಂಡಿತು. ಅರ್ಪಿತಳಿಗೂ ಒಂದು ಗಳಿಗೆ ಹಾಗೆ ಕಂಡಿತ್ತಂತೆ. ಎರಡು ಸಾಲು ಬರೆದರೆ ನಾಳೆಯಿಂದ ಅಜ್ಜಿ ಮತ್ತೆ ಮುಖ ಎತ್ತಿ ಹೂಂ ಅನ್ನುತ್ತಾಳೆ, ಊರಿನ ಬೈಗುಳವೂ ತಪ್ಪುತ್ತದೆ. ಆದರೆ ಅವಳು ಕ್ಯಾನನ್ನು ಕೈಗೆತ್ತಿಕೊಂಡಳು.

"ಯಾರು ಅಂತ ನೋಡಿ ಐದು ಹಾಕಿದ್ರೆ ಅದು ಲಚ್ಚಿ ಐದಾಗಲ್ಲ ಮಾವ. ನಾನ್ ಕೊಟ್ಟ ಐದಾಗುತ್ತೆ. ನಮ್ಮಜ್ಜಿಗೆ ಅದು ಬೇಡ" ಎಂದಳು.

ಫೋನನ್ನು ಕಿತ್ತು ಸೊಣ್ಣಪ್ಪನ ಕೈಗಿಟ್ಟಳು. ಒಣಗಿದ ಹಾರದ ಕೆಳಗಿನಿಂದ ವೈರು ಎಳೆದು ಸಿಕ್ಕಿಸಿದಳು. ತನ್ನ ದುಪಟ್ಟಾದ ತುದಿಯನ್ನು ಒದ್ದೆ ಮಾಡಿ ಗಾಜಿನ ಮೇಲಿನ ಕುಂಕುಮವನ್ನು ಒರೆಸಿದಳು. ಪಾಪಮ್ಮ ಅಯ್ಯಯ್ಯೋ ಎಂದು ಕೆನ್ನೆ ಬಡಿದುಕೊಂಡಳು. ಅರ್ಪಿತ ಅಜ್ಜಿಯ ಹಾಲನ್ನು ಇಟ್ಟಳು. ಮಿಷನ್ನು ಗುಂಯ್ ಎಂದು, ಹೀರಿ, ಯೋಚನೆ ಮಾಡಿತು. ಕಡಿಮೆ ಬರಲಿ ಎಂದು ನನ್ನ ಮನಸ್ಸಿನ ಒಂದು ಮೂಲೆ ಬೇಡುತ್ತಿತ್ತು. ಒಂದು ಹಸುವಿಗೆ ನಾನು ಹಾಗೆ ಕೆಟ್ಟದ್ದು ಬಯಸಿದ್ದು ಅದೇ ಮೊದಲು.

"ಅಮ್ಮಯಮ್ಮ. ಫ್ಯಾಟ್ ನಾಲ್ಕು ಪಾಯಿಂಟ್ ಒಂಬತ್ತು" ಎಂದಿತು ಗೋಡೆ.

ಅರ್ಪಿತ ಓಡಿದಳು. ಮುಂದಿನದನ್ನು ಅವಳೇ ಬಸ್ಸಿನಲ್ಲಿ ಹೇಳಿದ್ದು. ದಲ್ಲಾಳಿ ಆಗಲೇ ಹಗ್ಗ ಬಿಚ್ಚುತ್ತಿದ್ದನಂತೆ. ಇವಳು ಅವನನ್ನು ಕಳಿಸಿ, ಅಜ್ಜಿಯನ್ನು ಜಗಲಿಯ ಮೇಲೆ ಕೂರಿಸಿ, ಫೋನು, ವೈರು, ಪೂಜೆ ಎಲ್ಲ ಹೇಳಿದಳು. ಅಜ್ಜಿ ಪೂರ್ತಿ ಕೇಳಿದಳು.

"ಹಂಗಾದ್ರೆ ನೀನು ಇಷ್ಟು ದಿನ ನಂಗೆ ಹೇಳಿದ್ದು ಸುಳ್ಳಾ?"

"ನಾನಲ್ಲ ಅಜ್ಜಿ, ಸ್ಪೀಕರು."

"ದನಿ ನಿಂದೇ ಅಲ್ವೇನೇ?"

ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ.

"ಆ ಡಬ್ಬಗಳನ್ನೆಲ್ಲ ನಿಂಗೆ ಬರ್ತದಾ ನಿಂಗೆ ಬರ್ತದಾ ಅಂತ ಕೇಳ್ತೀಯಂತೆ. ಮನೇಲಿ ನಾನೊಬ್ಳು ಅನ್ನ ಬಿಟ್ಟು ಕೂತಿದ್ನಲ್ಲ, ಏನಾಯ್ತಜ್ಜಿ ಅಂತ ಒಂದು ಮಾತು ಕೇಳೋಕೆ ನಿಂಗೆ ಬರ್ಲಿಲ್ಲ."

ಇದನ್ನು ಹೇಳುವಾಗ ಅರ್ಪಿತ ಕಿಟಕಿಯ ಕಡೆ ತಿರುಗಿಕೊಂಡಳು. ಆ ವಾರವೇ ಅವಳು ಅಂಜನ್ ಎಷ್ಟು ಕೂಗಾಡಿದರೂ ಕೇಳದೆ, ಮತ್ತೆ ಕಿಟಕಿ ಮುಚ್ಚಿ ಫ್ಯಾನು ಆರಿಸಿ, "ಫ್ಯಾಟ್ ಅಳೆದಿಲ್ಲ" ಎಂಬ ಮಾತನ್ನೂ ಓದಿ ಸೇರಿಸಿದಳು. ಈಗ ಯಾವ ಹಳ್ಳಿಯಲ್ಲಾದರೂ ವೈರಿನ ತುದಿಯಲ್ಲಿರುವುದಕ್ಕೆ ಅಳೆಯಲು ಬಾರದಿದ್ದರೆ, ಬಾರದು ಎಂದು ಬೀದಿಗೆಲ್ಲ ಕೇಳುತ್ತದೆ. ಅಂಜನ್‌ಗೆ ಫೋನುಗಳೂ ಮೊದಲಿನಂತೆ ಬರುತ್ತಿವೆ.

ಆ ಭಾನುವಾರದ ಮರುದಿನ ಬೆಳಿಗ್ಗೆ ನಾನು ಡೇರಿಗೆ ಹೋದಾಗ ಅಮ್ಮಯಮ್ಮ ಎಂದಿನ ಹಾಗೆ ಎಲ್ಲರಿಗಿಂತ ಮುಂದೆ ನಿಂತಿದ್ದಳು. ನಾಲ್ಕು ಪಾಯಿಂಟ್ ಒಂಬತ್ತು ಎಂದು ಮೊಮ್ಮಗಳು ಹೇಳಿದಳು. "ಹೂಂ ಕಣಮ್ಮಿ. ಮಿಕ್ಕಿದ್ದು ಎರಡು ದಿನದಾಗೆ ಬರ್ತದೆ" ಎಂದು ಉತ್ತರ ಕೊಟ್ಟಳು. ಇನ್ನು ಹೊರಡುತ್ತಾಳೆ ಎಂದು ನಾವು ದಾರಿ ಬಿಟ್ಟೆವು. ಆಕೆ ಹೊರಡಲಿಲ್ಲ. ಖಾಲಿ ಕ್ಯಾನನ್ನು ಕವುಚಿ ಹಾಕಿ, ಸ್ಪೀಕರಿನ ಸರಿ ಕೆಳಗೆ ಅದರ ಮೇಲೆ ಕೂತು, ಸೆರಗು ಸರಿಮಾಡಿಕೊಂಡಳು.

ಪಾಪಮ್ಮ, ಮೂರು. ಅಂಜಿನಮ್ಮ, ಎರಡು ಪಾಯಿಂಟ್ ಒಂಬತ್ತು. ಚಿಕ್ಕಬೀರಪ್ಪ, ಎರಡು ಪಾಯಿಂಟ್ ಏಳು. ಪ್ರತಿ ಅಂಕಿಗೂ ಅಮ್ಮಯಮ್ಮ ಒಂದೊಂದು ಸಲ ತಲೆದೂಗಿದಳು. ನಾನು ಹಾಲು ಮನೆಯಲ್ಲಿ ಮರೆತೆನೆಂದು ಹೇಳಿ ವಾಪಸು ಹೋಗೋಣವೆಂದುಕೊಂಡೆ, ಆದರೆ ಕ್ಯಾನು ಕೈಯಲ್ಲೇ ಇತ್ತು. ಸೊಣ್ಣಪ್ಪ ನನ್ನ ಹಾಲು ಇಟ್ಟ. ಮಿಷನ್ನು ಗುಂಯ್ ಎಂದಿತು. ಎರಡು ಪಾಯಿಂಟ್ ಆರು ಎಂದು ಅರ್ಪಿತ ಊರಿಗೆಲ್ಲ ಕೇಳುವಂತೆ ಹೇಳಿದಳು.

ಅಮ್ಮಯಮ್ಮ ನನ್ನ ಕಡೆ ತಿರುಗಿದಳು. ಮುಖದಲ್ಲಿ ಎಷ್ಟು ಮರುಕವಿತ್ತೆಂದರೆ, ನಾನು ಅಲ್ಲೇ ಭೂಮಿಗಿಳಿದುಹೋದೆ.

"ಹಸುಗೆ ವಯಸ್ಸಾಯ್ತು ಬಿಡಪ್ಪ" ಎಂದಳು.